ಅಟ್ಟದ ಬಾಗಿಲಿಗೆ ಹಾಸಿಗೆ

ನಾನು ಸುತ್ತಿಗೆ ಹಿಡಿದು ನಿಂತರೆ ಸಾಕು, ಏನಾದರೊಂದು ಆಗದೆ ಇರುವುದಿಲ್ಲ. ತಪ್ಪು ನನ್ನದಲ್ಲ. ನಾನು ಕೆಲಸವನ್ನು ಸರಿಯಾಗಿಯೇ ಮಾಡುತ್ತೇನೆ, ಸುತ್ತಲಿನವರು ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳುವುದಿಲ್ಲ, ಅಷ್ಟೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸದಾಶಿವನಗರದಲ್ಲಿ ಹೆಂಚಿನ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೆ. ನಡುಮನೆಯ ಮೇಲೆ ಹಲಗೆಯ ಅಟ್ಟ, ಅಟ್ಟಕ್ಕೆ ಹತ್ತಲು ಚೌಕದ ಒಂದು ತೂತು, ಆ ತೂತಿಗೆ ಬಿರುಕು ಬಿಟ್ಟ ಮುಚ್ಚಳ. ಬೇಸಿಗೆಯಲ್ಲಿ ಹೆಂಚು ಕಾದು ಅಟ್ಟದಲ್ಲಿ ತುಂಬಿಕೊಂಡ ಸೆಕೆಯೆಲ್ಲ ಅಲ್ಲಿಂದ ನಡುಮನೆಗೆ ಬರುತ್ತಿತ್ತು. ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ ಎಂದು ವರ್ಷವರ್ಷವೂ ಪಾಠ ಮಾಡುವವನು ನಾನು. ನಮ್ಮ ಮನೆಯಲ್ಲಿ ಮಾತ್ರ ಅದು ಕೆಳಗಿಳಿಯುತ್ತಿತ್ತು.

೧. ಬೆಣ್ಣೆ ಪರೀಕ್ಷೆ

ಹೆಂಡತಿ ಚೊಚ್ಚಲ ಬಾಣಂತನಕ್ಕೆ ಕುಣಿಗಲ್ಲಿನ ತವರಿಗೆ ಹೋಗಿದ್ದಳು. ಮಗಳಿಗೆ ಐದನೇ ತಿಂಗಳು ನಡೆಯುತ್ತಿತ್ತು. ನಾನು ಅವಳನ್ನು ಒಟ್ಟು ಮೂರು ಸಲ ನೋಡಿದ್ದೆ. ಮೂರು ಸಲವೂ ಅವಳು ನನ್ನನ್ನು ಯಾರೋ ದೂರದ ನೆಂಟ ಎಂಬಂತೆ ನೋಡಿ ಅತ್ತಿದ್ದಳು. ಇನ್ನು ತಡೆಯುವುದು ನನ್ನಿಂದ ಆಗುತ್ತಿರಲಿಲ್ಲ. ಮಗು ಮನೆಗೆ ಬರಬೇಕು, ನನ್ನ ಗುರುತು ಹಿಡಿಯಬೇಕು.

ಕಳಿಸುವ ಮೊದಲು ಮನೆ ನೋಡಬೇಕೆಂದು ಅತ್ತೆ, ಮಾವ ಬಂದರು. ನಮ್ಮತ್ತೆ ಅಳಿಯನ ಜೊತೆ ನೇರವಾಗಿ ಮಾತಾಡುವವರಲ್ಲ. ಎಲ್ಲವನ್ನೂ ಮಾವನಿಗೆ ಹೇಳುತ್ತಾರೆ, ನಾನು ಕೇಳಿಸಿಕೊಳ್ಳಬೇಕು. ನನಗೆಂದು ತಂದಿದ್ದ ಬೆಣ್ಣೆ ಉಂಡೆಯನ್ನು ಅವರು ತಟ್ಟೆಯಲ್ಲಿಟ್ಟು ಸರಿಯಾಗಿ ಅಟ್ಟದ ತೂತಿನ ಕೆಳಗೆ ಇಟ್ಟರು. ನಾವು ಕಾಫಿ ಕುಡಿದು ಕುಣಿಗಲ್ಲಿನ ಸಮಾಚಾರ ಮುಗಿಸುವಷ್ಟರಲ್ಲಿ ಉಂಡೆ ಕರಗಿ ತಟ್ಟೆಯ ತುಂಬ ಹರಡಿಕೊಂಡಿತ್ತು.

"ರೀ, ಅಳಿಯಂದ್ರಿಗೆ ಹೇಳಿ. ಈ ಮನೇಲಿ ತುಪ್ಪ ಕಾಯ್ಸೋಕೆ ಸೌದೆ ಬೇಡ. ಮಗು ಮಾತ್ರ ಮಳೆ ಬಿದ್ಮೇಲೇ ಬರೋದು," ಅಂದರು ಅತ್ತೆ.

ಮಾವ ಎರಡು ಅಡಿ ದೂರದಲ್ಲಿದ್ದ ನನ್ನ ಕಡೆ ತಿರುಗಿ, "ಕೇಳಿಸ್ತಾ?" ಅಂದರು.

೨. ಗುಬ್ಬಿಯ ನಾರು

ಮಳೆಗಾಲದವರೆಗೆ ಕಾಯುವ ಜಾಯಮಾನ ನನ್ನದಲ್ಲ. ಹದಿನೈದು ದಿನದಲ್ಲಿ ಮನೆ ತಣ್ಣಗೆ ಮಾಡಿ ತೋರಿಸುತ್ತೇನೆ ಎಂದು ಮಾವನಿಗೆ ಮಾತು ಕೊಟ್ಟೆ. ಉಪಾಯ ಸುಲಭ. ತೆಂಗಿನ ನಾರು ಶಾಖವನ್ನು ಬಿಟ್ಟುಕೊಡುವುದಿಲ್ಲ. ಗೋಣಿಚೀಲದೊಳಗೆ ನಾಲ್ಕು ಬೆರಳು ದಪ್ಪ ನಾರು ತುಂಬಿ ಮುಚ್ಚಳಕ್ಕೆ ಹೊಡೆದರೆ ಮುಗಿಯಿತು. ಬಡಗಿ ಯಾಕೆ, ನಾನಿಲ್ಲವೇ? ಸಂತೆಯ ದಿನ ನೋಡಿಕೊಂಡು ಗುಬ್ಬಿಗೆ ಹೋದೆ.

ನಾರು ಮಾರುವವನು, "ಎಷ್ಟ್ ಜನದ್ ಹಾಸ್ಗೆಗೆ ಸ್ವಾಮಿ?" ಅಂದ.

"ಹಾಸಿಗೆಗಲ್ಲಪ್ಪ, ಅಟ್ಟದ ಬಾಗಿಲಿಗೆ."

"ಬಾಗ್ಲಿಗಾ?"

ನಾನು ಶಾಖ ಹೇಗೆ ಹರಿಯುತ್ತದೆ, ನಾರು ಅದನ್ನು ಹೇಗೆ ತಡೆಯುತ್ತದೆ ಎಂದು ಕ್ಲಾಸಿನಲ್ಲಿ ಹೇಳುವಷ್ಟೇ ವಿವರವಾಗಿ ಹೇಳಿದೆ. ಅವನು ಬಾಯಿ ಬಿಟ್ಟುಕೊಂಡು ಪೂರ್ತಿ ಕೇಳಿದ. ಆಮೇಲೆ ಪಕ್ಕದಲ್ಲಿ ಕೂತಿದ್ದ ಹೆಂಡತಿಗೆ ಹೇಳಿದ: "ಕೇಳ್ದೇನೇ? ತುಮಕೂರಲ್ಲಿ ಬಾಗ್ಲೂ ಹಾಸ್ಗೆ ಮೇಲ್ ಮಲಗ್ತವಂತೆ. ಇಪ್ಪತ್ ವರ್ಷದಿಂದ ನಾರ್ ಮಾರ್ತಾ ಇದೀನಿ, ನಂಗಿನ್ನೂ ಚಾಪೆನೇ."

೩. ಅಳತೆ

ಪಕ್ಕದ ಮನೆಯಲ್ಲಿ ರಿಟೈರಾದ ಗುಮಾಸ್ತರೊಬ್ಬರಿದ್ದರು. ನಾನು ಏನಾದರೂ ರಿಪೇರಿಗೆ ಇಳಿದರೆ ಅವರು ಕುರ್ಚಿ ತಂದು ಹಾಕಿಕೊಂಡೇ ನೋಡುವುದು. ಅವತ್ತೂ ಬಂದರು.

ಸ್ಕೇಲು, ಮೂಲೆಮಟ್ಟ, ಪೆನ್ಸಿಲ್ಲು ಹಿಡಿದು ಮುಚ್ಚಳವನ್ನು ಎರಡೆರಡು ಸಲ ಅಳೆದೆ. ದಬ್ಬಣದಲ್ಲಿ ಗೋಣಿ ಹೊಲಿದೆ, ನಾರು ತುಂಬಿದೆ, ಮುಚ್ಚಳದ ಕೆಳಮೈಗೆ ಇಟ್ಟು ಮೊಳೆ ಹೊಡೆದೆ. ಹಾಸಿಗೆ ಅಂಚಿಗೆ ಅಂಚು ಸರಿಯಾಗಿ ಕೂತಿತು. ಏಣಿ ಹತ್ತಿ ಮುಚ್ಚಿದರೆ ಮುಚ್ಚಳ ಕೆಳಗಿಳಿಯಲೇ ಇಲ್ಲ. ಮುಚ್ಚಳ ತೂತಿಗಿಂತ ಅಗಲವಾಗಿತ್ತು. ಹಾಸಿಗೆಯೂ ಅಷ್ಟೇ ಅಗಲ. ಎರಡು ಕೈಯಲ್ಲಿ ಎಳೆದೆ, ನೇತಾಡಿದೆ. ಜಗ್ಗಲಿಲ್ಲ.

ಗುಮಾಸ್ತರು ನಶ್ಯ ಏರಿಸಿ, ತುಂಬ ಸಮಾಧಾನದಿಂದ ಹೇಳಿದರು: "ಮೇಷ್ಟ್ರೇ, ನಿಮ್ ಅಳತೆ ಕರೆಕ್ಟಾಗೇ ಇದೆ. ಆ ತೂತ್ ಮಾಡ್ದೋನೇ ಸರಿಯಿಲ್ಲ."

೪. ಗುರುವಾರ

ಮಾರನೆಯ ದಿನ ಹಾಸಿಗೆಯನ್ನು ಕಿತ್ತು ಮುಚ್ಚಳದ ಮೇಲ್ಮೈಗೆ ಹೊಡೆದೆ. ಸುತ್ತ ಅಂಚಿಗೆ ಗೋಣಿಪಟ್ಟಿ ಕೊಟ್ಟೆ. ಮುಚ್ಚಳ ಬಿಗಿಯಾಗಿ ಕೂರಲಿ ಎಂದು ಕೆಳಗಿನಿಂದ ಹಾಕುವ ಹಾಗೆ ಒಂದು ಚಿಲಕ ಇಟ್ಟೆ. ಮೂರೇ ದಿನದಲ್ಲಿ ನಡುಮನೆ ತಣ್ಣಗಾಯಿತು. ನಾನೇ ಬೆಣ್ಣೆ ತಂದು ಇಟ್ಟು ನೋಡಿದೆ, ಉಂಡೆ ಉಂಡೆಯಾಗಿಯೇ ಇತ್ತು. ಕೂಡಲೇ ಕುಣಿಗಲ್ಲಿಗೆ ಕಾರ್ಡು ಬರೆದೆ: 'ಮನೆ ತಂಪಾಗಿದೆ. ಶುಕ್ರವಾರ ಮಗುವನ್ನು ಕರೆದುಕೊಂಡು ಬನ್ನಿ.'

ಶುಕ್ರವಾರ ಹೆಣ್ಣುಮಕ್ಕಳನ್ನು ತವರಿನಿಂದ ಕಳಿಸುವುದಿಲ್ಲ ಎನ್ನುವುದು ವಿಜ್ಞಾನದ ಪುಸ್ತಕದಲ್ಲಿ ಎಲ್ಲಿದೆ? ಅವರು ಗುರುವಾರವೇ ಹೊರಟರು.

ಗುರುವಾರ ಮಧ್ಯಾಹ್ನ ಮಿಕ್ಕಿದ್ದ ನಾರನ್ನು ಅಟ್ಟದ ಮೂಲೆಯಲ್ಲಿ ಹರಡೋಣ ಎಂದು ಹತ್ತಿದೆ. ಒಳಗಿರುವಷ್ಟು ಹೊತ್ತು ಸೆಕೆ ಕೆಳಗಿಳಿಯಬಾರದಲ್ಲ? ಹತ್ತಿದವನೇ ಮುಚ್ಚಳ ಎಳೆದುಕೊಂಡೆ.

ಕೆಳಗೆ ಆದದ್ದನ್ನು ಆಮೇಲೆ ಹೆಂಡತಿ ಹೇಳಿದಳು. ಅವರು ಬಂದಾಗ ಬಾಗಿಲು ತೆರೆದಿತ್ತು, ನಾನಿರಲಿಲ್ಲ. ನಡುಮನೆಯಲ್ಲಿ ಏಣಿ ನಿಂತಿತ್ತು, ಅಟ್ಟದ ಚಿಲಕ ಹಾಕಿರಲಿಲ್ಲ. ಅತ್ತೆ, "ರೀ, ಹತ್ತಿ ಚಿಲಕ ಹಾಕಿ. ಈಗಿನ್ ಹುಡುಗ್ರು ಯಾವ್ದನ್ನೂ ನೆಟ್ಟಗೆ ಮುಗ್ಸಲ್ಲ," ಅಂದರು. ಮಾವ ಹತ್ತಿ ಚಿಲಕ ಹಾಕಿ ಏಣಿಯನ್ನು ಹಿತ್ತಲಿಗೆ ಸಾಗಿಸಿದರು.

ನಾನು ತೆವಳಿಕೊಂಡು ಬಂದು ಮುಚ್ಚಳ ಎತ್ತಿದರೆ ಏಳಲಿಲ್ಲ. ಕೂಗಿದೆ. ಗುದ್ದಿದೆ. ಗುದ್ದಿದ್ದೆಲ್ಲ ಹಾಸಿಗೆಗೆ ಬಿತ್ತು. ಶಾಖವನ್ನು ತಡೆಯುವ ನಾರು ಸದ್ದನ್ನೂ ಅಷ್ಟೇ ಚೆನ್ನಾಗಿ ನುಂಗುತ್ತದೆ ಎನ್ನುವುದು ನನಗೆ ಅವತ್ತು ಮನವರಿಕೆಯಾಯಿತು. ಕೆಳಗೆ ಹೆಂಡತಿ, "ಅಮ್ಮಾ, ಮೇಲೇನೋ ಓಡಾಡ್ತಿದೆ," ಅಂದಳಂತೆ. ಅತ್ತೆ, "ಹೆಗ್ಗಣ ಕಣೇ. ಸದ್ಯ, ಚಿಲಕ ಹಾಕ್ಸಿದ್ದು ಒಳ್ಳೇದಾಯ್ತು," ಅಂದರಂತೆ.

ಬೆವರಿನಲ್ಲಿ ನೆಂದು ಹೋಗಿದ್ದೆ. ಕೊನೆಗೆ ಎರಡು ಹೆಂಚು ಸರಿಸಿ ತಲೆ ಹೊರಗೆ ಹಾಕಿದೆ. ಅಂಗಳದಲ್ಲಿ ಗುಮಾಸ್ತರು ಪೇಪರ್ ಓದುತ್ತಿದ್ದರು. ತಲೆಯೆತ್ತಿ ನೋಡಿ, "ಮೇಷ್ಟ್ರೇ, ಅಲ್ಲೇನ್ ಮಾಡ್ತಿದೀರಿ? ನಿಮ್ಮತ್ತೆ, ಮಾವ, ಮನೆಯವ್ರು ಎಲ್ಲಾ ಬಂದಿದಾರೆ," ಅಂದರು.

"ಮಗು?"

"ಮಗೂನೂ ಬಂದಿದೆ."

ಆ ಬಿಸಿಲಿನಲ್ಲೂ ನನಗಾದ ಖುಷಿ ಹೇಳತೀರದು. "ಸಾರ್, ಬೇಗ ಹೋಗಿ ನಾನು ಇಲ್ಲಿದೀನಿ ಅಂತ ಹೇಳಿ. ಚಿಲಕ ತೆಗೀಲಿ!" ಎಂದು ಕೂಗಿದೆ.

ಗುಮಾಸ್ತರು ಪೇಪರ್ ಮಡಿಚಿಟ್ಟು ಹೋದರು. ಐದು ನಿಮಿಷ ಬಿಟ್ಟು ನಿಧಾನವಾಗಿ ವಾಪಸ್ ಬಂದರು.

"ಹೇಳ್ದೆ ಮೇಷ್ಟ್ರೇ. ಮನೆ ಭಾಳ ತಂಪಾಗಿದೆಯಂತೆ, ನಿಮ್ಮತ್ತೆಗೆ ಒಪ್ಗೆ ಆಗಿದೆ. ಮಗೂನ ಇಲ್ಲೇ ಬಿಟ್ ಹೋಗ್ತಾರಂತೆ."

"ಸರಿ ಸಾರ್, ಚಿಲಕ?"

"ಮಗು ಈಗ್ ತಾನೇ ಮಲಗ್ತಂತೆ. ಮುಚ್ಚಳ ತೆಗೆದ್ರೆ ಸೆಕೆ ಇಳ್ಯುತ್ತಂತೆ. ಅದು ಎದ್ಮೇಲೆ ತೆಗೀತಾರಂತೆ. ಅಲ್ಲೀವರ್ಗೂ ಅಳಿಯಂದ್ರಿಗೆ ಜಾಸ್ತಿ ಓಡಾಡ್ಬೇಡಿ ಅಂತ ಹೇಳಿ ಅಂದ್ರು."