ಬಿಸಿಲನ್ನು ವಾಪಸ್ ಕಳಿಸುವ ಗಾಜು

ಬಿಸಿಲನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸಬಹುದು ಎಂದು ಬೆಂಗಳೂರು ಕಡೆಯ ವಿಜಯಪುರದ ಸುತ್ತಮುತ್ತಲ ಹಳ್ಳಿಗಳಲ್ಲಿ ಮೊದಲು ನಂಬಿದವಳು ನಾನೇ ಇರಬೇಕು. ಎಪ್ಪತ್ತರ ದಶಕದ ಕೊನೆಯ ಮಾತು.

ನಮ್ಮ ರೇಷ್ಮೆಹುಳುಗಳ ವಾಸ ಮಹಡಿಯ ಕೋಣೆಯಲ್ಲಿ. ಮಧ್ಯಾಹ್ನ ತಿರುಗಿದರೆ ಬೀದಿ ಕಡೆಯ ಪಡುವಣ ಕಿಟಕಿಯಿಂದ ಬಿಸಿಲು ನುಗ್ಗುತ್ತಿತ್ತು. ಆ ಬೇಸಿಗೆಯ ಸೆಕೆಗೆ ಎರಡು ಬೆಳೆ ಕೈಕೊಟ್ಟಿದ್ದವು. ಯಜಮಾನರು ತೀರ್ಪು ಕೊಟ್ಟಿದ್ದರು: "ಇದೊಂದು ಬೆಳೆ ನೋಡ್ತೀನಿ. ಇದೂ ಹೋದ್ರೆ ಹಿಪ್ಪುನೇರಳೆ ಕಿತ್ತಾಕಿ ರಾಗಿ ಚೆಲ್ತೀನಿ, ಅಷ್ಟೇ!"

ಹುಳು ಸಾಕುವುದು ನನ್ನ ಪಾಲಿನ ಕೆಲಸ. ಅದು ಹೋದರೆ ನನಗೆ ಕೈಯೇ ಹೋದಂತೆ.

ಆಗ ಬಂದ, ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದ ನನ್ನ ತಮ್ಮ ನಾಗರಾಜ. ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಒಂದು ಗಾಜು ತಂದಿದ್ದ.

"ಅಕ್ಕಾ, ನಾವು ಕಟ್ತಿರೋ ಆಫೀಸಲ್ಲಿ ಮಿಕ್ಕಿದ್ದು, ಮೇಸ್ತ್ರಿ ಕೊಟ್ಟ. ಹೊರಗಡೆಯಿಂದ ಕನ್ನಡಿ, ಒಳಗಡೆಯಿಂದ ಕಿಟಕಿ. ಬಿಸಿಲು ಬಂದ್ರೆ ಹಂಗೇ ವಾಪಸ್! ಫ್ಯಾನೂ ಬೇಡ, ಕರೆಂಟೂ ಉಳೀತದೆ."

ವಾಪಸ್ ಅಂದರೆ ಎಲ್ಲಿಗೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ತೆಗೆಯಲು ಬಾರದ ಹಾಗೆ ಗಾರೆ ಹಾಕಿ ಕೂರಿಸಿ ಅವನು ಹೊರಟುಹೋದ. ಯಜಮಾನರು ಬೀದಿಯಲ್ಲಿ ನಿಂತು ತಲೆಯೆತ್ತಿದರು. "ಏನೇ ಇದು, ಮಹಡಿ ಮೇಲೆ ಕಟಿಂಗ್ ಶಾಪ್ ಇಡ್ತೀಯಾ?"

ಆದರೆ ಕೋಣೆ ನಿಜಕ್ಕೂ ತಂಪಾಯಿತು! ಹುಳುಗಳು ಮಳೆ ಬಂದ ಹಾಗೆ ಸದ್ದು ಮಾಡುತ್ತಾ ಸೊಪ್ಪು ತಿಂದವು. ಗೂಡು ಕಟ್ಟುವ ಹದಕ್ಕೆ ಚೆನ್ನಾಗಿ ಹಣ್ಣಾದವು.

ಹುಳು ಹಣ್ಣಾದ ದಿನ ಎದುರುಮನೆ ಮುನಿರತ್ನಮ್ಮಕ್ಕ ಮಗಳ ಊರಿನಿಂದ ಬೆಳಗಿನ ಬಸ್ಸಿಗೇ ಬಂದರು, ನಮಗೆ ಕೈ ಜೋಡಿಸಲೆಂದೇ. ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ಸುರುಳಿ ಹೆಣೆದ ತಟ್ಟಿಗೆ ಬಿಟ್ಟೆವು. ಪ್ರತಿ ಸಲದಂತೆ ಚಂದ್ರಿಕೆಗಳನ್ನು ಅಕ್ಕನ ಜಗಲಿಯಲ್ಲಿ ಒರಗಿಸಿದೆವು. ಮೂಡಲಿಗೆ ಮುಖ ಮಾಡಿದ ಜಗಲಿ, ಮಧ್ಯಾಹ್ನದ ಮೇಲೆ ಪೂರಾ ನೆರಳು.

ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಅಕ್ಕನ ಕೂಗು ಕೇಳಿಸಿತು.

"ಲೇ ಸರೋಜಾ! ಸೂರ್ಯ ನಮ್ಮನೆ ಹಿಂದುಗಡೆ ಅವ್ನೆ, ಬಿಸಿಲು ಮುಂದುಗಡೆಯಿಂದ ಬರ್ತೈತಲ್ಲೇ!"

ಓಡಿಬಂದೆ. ನನ್ನ ಗಾಜು ಒಪ್ಪಿಸಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿತ್ತು. ಬಂದ ಬಿಸಿಲನ್ನೆಲ್ಲ ಎದುರಿನ ಜಗಲಿಗೆ ರವಾನಿಸುತ್ತಿತ್ತು! ಹುಳುಗಳು ನೂಲುವುದನ್ನು ಬಿಟ್ಟು ಅಂಚಿಗೆ ಹರಿಯುತ್ತಿದ್ದವು, ಕೆಲವು ಕೆಳಕ್ಕೆ ಉದುರುತ್ತಿದ್ದವು.

ಗಾಳಿಯಾಡದ ಒಳಮನೆಗೆ ಒಯ್ದರೆ ಗೂಡು ಕೆಡುತ್ತದೆಂದು ಚಂದ್ರಿಕೆಗಳನ್ನು ಜಗಲಿಯಲ್ಲೇ ಪಕ್ಕಕ್ಕೆ ಸರಿಸಿದೆವು. ಸ್ವಲ್ಪ ಹೊತ್ತಿಗೆ ಬಿಸಿಲೂ ಪಕ್ಕಕ್ಕೆ ಬಂತು.

ನಾನು ಮಹಡಿ ಹತ್ತಿ ಕಿಟಕಿಗೆ ದಪ್ಪನೆಯ ಕಂಬಳಿ ಕಟ್ಟಿ, ಗೆದ್ದವಳ ಹಾಗೆ ಕೂಗಿದೆ: "ಹೋಯ್ತಾ ಅಕ್ಕಾ?"

"ಎಲ್ಲಿ ಹೋಗೋದು! ಆಚೆಯಿಂದ ಹೊಡೀತಿರೋ ಬಿಸಿಲಿಗೆ ಒಳಗಡೆ ಕಂಬಳಿ ಹೊದಿಸ್ತೀಯಲ್ಲೇ ತಾಯಿ! ಅದಕ್ಕೇನು ಚಳಿಜ್ವರವಾ?"

ಅಷ್ಟು ಹೇಳಿದವರು ಮಗಳು ಉಡುಗೊರೆ ಕೊಟ್ಟಿದ್ದ ಹೊಸ ಸೀರೆಯನ್ನು ಚೀಲದಿಂದ ಎಳೆದು, ಮಡಿಕೆ ಬಿಚ್ಚಿ, ಜಗಲಿಗೆ ಅಡ್ಡಲಾಗಿ ಎರಡು ಕೈಯೆತ್ತಿ ಹಿಡಿದು ನಿಂತುಬಿಟ್ಟರು. "ಬೇಗ ಏನಾರ ಬಳಿಯೇ! ನನ್ನ ರಟ್ಟೆ ಬಿದ್ದೋಗೋದ್ರೊಳಗೆ!"

ಏಣಿ ಹಾಕಿ, ಬಕೆಟ್ಟಿನಲ್ಲಿ ಸೆಗಣಿ ಕಲಸಿಕೊಂಡು ಹತ್ತಿದೆ. ಮೊದಲ ಹಿಡಿ ಗಾಜಿಗೆ ತಾಗಲಿಲ್ಲ. ಆಗಷ್ಟೇ ಹೊಲದಿಂದ ಬಂದು ಏಣಿಯ ಬುಡದಲ್ಲಿ ನಿಂತು ಮೇಲೆ ನೋಡಿದ ಯಜಮಾನರಿಗೆ ತಾಗಿತು!

ಅವರು ಕಣ್ಣೊರೆಸಿಕೊಂಡು ಜಗಲಿ ನೋಡಿದರು, ಗಾಜು ನೋಡಿದರು. ಬೈಯುತ್ತಾರೆಂದು ಏಣಿಗೆ ಅಂಟಿಕೊಂಡೆ. "ಎಡಗಡೆ ಬಳಿ, ಅಲ್ಲಿನ್ನೂ ಹೊಳೀತೈತೆ" ಎಂದಷ್ಟೇ ಹೇಳಿ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಬಿಸಿಲು ಸತ್ತಿತು. ಹುಳುಗಳು ಒಂದೊಂದಾಗಿ ತಲೆಯಾಡಿಸುತ್ತಾ ಮತ್ತೆ ನೂಲಲು ತೊಡಗಿದವು. ಉದುರಿದವು ಉದುರಿದವು, ಬೆಳೆ ಉಳಿಯಿತು. ರಾಗಿಯ ಮಾತನ್ನು ಯಜಮಾನರು ಮತ್ತೆ ಎತ್ತಲಿಲ್ಲ. ಆ ರಾತ್ರಿ ಅಕ್ಕನ ರಟ್ಟೆಗೆ ಹರಳೆಣ್ಣೆ ಕಾಯಿಸಿ ತಿಕ್ಕುವಾಗ ನನ್ನ ಕಣ್ಣು ತುಂಬಿತು. "ಅಳ್ಬೇಡ್ವೇ, ಎಣ್ಣೆ ತೆಳ್ಳಗಾಗ್ತೈತೆ" ಎಂದರು.

ಬೆಂಗಳೂರಿನಲ್ಲಿ ಅಂಥ ಗಾಜನ್ನು ದಿನಾ ಒರೆಸಿ ಫಳಫಳ ಹೊಳೆಸುತ್ತಾರಂತೆ. ನಾನು ಈ ವಯಸ್ಸಿನಲ್ಲೂ ವಾರಕ್ಕೊಮ್ಮೆ ಏಣಿ ಹತ್ತಿ ಸೆಗಣಿ ಸಾರಿಸಿ ಬರುತ್ತೇನೆ. ಕೋಣೆ ಈಗಲೂ ತಂಪಾಗಿದೆ. ಗಾಜು ಇಲ್ಲದೆ ಕಿಟಕಿಗೆ ಬರೀ ತಟ್ಟಿ ಕಟ್ಟಿ ಸೆಗಣಿ ಸಾರಿಸಿದ್ದರೂ ಇಷ್ಟೇ ತಂಪಾಗುತ್ತಿತ್ತು ಎಂಬುದನ್ನು ಮಾತ್ರ ತಮ್ಮನಿಗೆ ಇನ್ನೂ ಹೇಳಿಲ್ಲ.