ಉಜ್ಜೋದು ಮುಟ್ಟೋದಾ?

ಬೆಳ್ಳಿ ಅಂಗಡಿಯವನನ್ನು ಮೊದಲ ಸಲ ಕಂಡ ದಿನವೇ ಫಳಫಳಮ್ಮ ತೀರ್ಪು ಕೊಟ್ಟುಬಿಟ್ಟರು: ಈ ಮನುಷ್ಯ ನಂಬಿಕೆಗೆ ಯೋಗ್ಯನಲ್ಲ!

ಕಾರಣ ಸಣ್ಣದಲ್ಲ. ಅವನ ಮೇಜಿನ ಗಾಜಿನ ಮೇಲೆ ಬೆರಳಚ್ಚುಗಳಿದ್ದವು. ಒಟ್ಟು ಹನ್ನೊಂದು. ಎಣಿಸಿಯೇ ಹೇಳಿದ ಮಾತು. ಅದೂ ಹೋಗಲಿ ಎಂದರೆ, ಕಪಾಟಿನಲ್ಲಿ ಮಾರಾಟಕ್ಕಿಟ್ಟ ಬೆಳ್ಳಿ ಗಟ್ಟಿಗಳ ಸೆಟ್ಟು ಮಸಿ ಬಳಿದ ಹಾಗೆ ಕಪ್ಪಗಿತ್ತು. ಅದರ ಬೆಲೆ ಕೇಳಿ ಅವರಿಗೆ ತಲೆ ಗಿರ್ರೆಂದಿತು.

"ಇಷ್ಟಾ? ಬರೀ ಬೆಳ್ಳಿಗೆ?"

"ಬರೀ ಬೆಳ್ಳಿಗಲ್ಲಮ್ಮ. ಕರಗಿಸಿದ್ರೆ ಇದರ ಮೂರರಲ್ಲೊಂದು ಪಾಲೂ ಬರಲ್ಲ. ಇದು ಸಂಗ್ರಹದ ಸೆಟ್ಟು. ಇಪ್ಪತ್ನಾಲ್ಕು ಗಟ್ಟಿ, ಒಂದೊಂದರ ಮೇಲೆ ಒಂದೊಂದು ಹಕ್ಕಿ. ಇದನ್ನೇ ಹುಡುಕ್ಕೊಂಡು ಬರೋರಿದ್ದಾರೆ."

ಫಳಫಳಮ್ಮ ಹಿರಿಹಿರಿ ಹಿಗ್ಗಿದರು. ಅದೇ ಇಪ್ಪತ್ತನಾಲ್ಕು ಹಕ್ಕಿಗಳು ಅವರ ಮನೆಯ ಬೀರುವಿನಲ್ಲೂ ಗೂಡು ಕಟ್ಟಿದ್ದವು! ತೀರಿಹೋದ ಯಜಮಾನರು ತಿಂಗಳಿಗೊಂದರಂತೆ ಎರಡು ವರ್ಷ ಅಂಚೆಯಲ್ಲಿ ತರಿಸಿದ್ದು. ಈ ಮಸಿಮೋರೆಯ ಸೆಟ್ಟಿಗೇ ಇಷ್ಟು ಬೆಲೆಯಾದರೆ ತಮ್ಮದಕ್ಕೆಷ್ಟು?

"ನಾಳೆ ನನ್ನದು ತರ್ತೀನಿ ನೋಡಪ್ಪಾ. ಕಣ್ಣು ಕುಕ್ಕೀತು, ಜೋಪಾನ!"

ಮನೆಯಲ್ಲಿ ನಾದಿನಿ ಕಾಯುತ್ತಿದ್ದಳು. ಯಜಮಾನರ ತಂಗಿಯಾದ ಈಕೆಯದು ವರ್ಷಗಳಿಂದ ಒಂದೇ ರಾಗ: "ನಮ್ಮಣ್ಣನಿಗೆ ಯಾರೋ ಚೆನ್ನಾಗಿ ಟೋಪಿ ಹಾಕಿದ್ರು ಅತ್ತಿಗೆ. ಕರಗಿಸಿ ನಾಲ್ಕು ತಟ್ಟೆ ಮಾಡಿಸ್ಕೊಳ್ಳಿ."

ಈ ಮಾತು ಕೇಳಿದಾಗಲೆಲ್ಲ ಫಳಫಳಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯ ಅಡಿಯಲ್ಲಿ ಒಂದು ಮುಳ್ಳೂ ಇತ್ತು. ಯಜಮಾನರು ಇದ್ದಾಗ ತಾವೇ ಅವರಿಗೆ ಈ ಮಾತು ಅಂದಿದ್ದರು. ಎರಡು ಸಲ. ಅಂದ ಮಾತನ್ನು ವಾಪಸು ಪಡೆಯಲು ಉಳಿದದ್ದು ಒಂದೇ ದಾರಿ: ಗಟ್ಟಿಗಳ ನಿಜವಾದ ಬೆಲೆ ತೋರಿಸುವುದು.

"ನಾಳೆ ನನ್ನ ಜೊತೆ ಬಾ! ಆ ಅಂಗಡಿಯವನು ಮೂರು ಪಟ್ಟು ಎಣಿಸಿ ಕೊಡೋದನ್ನ ಕಣ್ತುಂಬ ನೋಡು. ಆಮೇಲೆ 'ಅಣ್ಣ ಮೋಸ ಹೋದ' ಅನ್ನೋ ಮಾತು ನಿನ್ನ ಬಾಯಲ್ಲಿ ಬರಕೂಡದು!"

"ಕರಗಿಸೋ ಬೆಲೆನೇ ಕೊಟ್ರೆ?"

"ಕೊಟ್ರೆ ನನ್ನನ್ನ ಫಳಫಳಮ್ಮ ಅಂತ ಕರೀಬೇಡಿ!"

ಇದು ಸಾಮಾನ್ಯ ಶಪಥವಲ್ಲ. ಬೀದಿಯೇ ಕೊಟ್ಟ ಬಿರುದು ಅದು. ಅವರ ಮನೆಯ ಚೊಂಬಿನಲ್ಲಿ ಮುಖ ನೋಡಿಕೊಂಡು ಬೈತಲೆ ತೆಗೆಯಬಹುದಿತ್ತು.

ಮರುದಿನ ಅಂಗಡಿಯಲ್ಲಿ ಫಳಫಳಮ್ಮ ಗಟ್ಟಿಗಳನ್ನು ಒಂದೊಂದಾಗಿ ಸಾಲಿಗಿಟ್ಟರು. ಎದುರು ಗೋಡೆಯ ಮೇಲೆ ಬೆಳಕು ಕುಣಿಯಿತು! ಅಂಗಡಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದನ್ನು ಎತ್ತಿದ. ಈಚೆ ತಿರುಗಿಸಿದ, ಆಚೆ ತಿರುಗಿಸಿದ.

"ಅಮ್ಮಾ, ಹಕ್ಕಿ ಎಲ್ಲಿ?"

"ಅಲ್ಲೇ ಇದೆಯಲ್ಲಪ್ಪಾ! ಸರಿಯಾಗಿ ನೋಡು. ಅದು ಗೂಬೆ."

"ನನಗೆ ಮೊಟ್ಟೆ ಕಾಣ್ತಿದೆ."

ನಾದಿನಿ ಕೆಮ್ಮಿದಳು. ಅದು ಕೆಮ್ಮಲ್ಲವೆಂದು ಫಳಫಳಮ್ಮನಿಗೆ ಗೊತ್ತು.

"ಇದನ್ನ ಉಜ್ಜಿದ್ರಾ ಅಮ್ಮ?"

"ಉಜ್ಜದೆ ಮತ್ತೆ? ಯಜಮಾನ್ರು ತೀರಿಹೋದ ವಾರದಿಂದ ಹಿಡಿದು ಪ್ರತಿ ಶನಿವಾರ! ಹದಿನೆಂಟು ವರ್ಷ! ಜ್ವರ ಬಂದಾಗಲೂ ಬಿಟ್ಟವಳಲ್ಲ. ಮೊದಲು ಬೂದಿ, ಆಮೇಲೆ ನಿಂಬೆರಸ, ಕೊನೆಗೆ ಹಲ್ಲುಪುಡಿ."

ಅಂಗಡಿಯವನು ನಿಂತಿದ್ದವನು ಕುಳಿತ.

"ಇದರ ಜೊತೆ ಚೀಟಿ ಬಂದಿರಬೇಕಲ್ಲಮ್ಮ?"

"ಇಪ್ಪತ್ನಾಲ್ಕೂ ಇವೆ!" ಫಳಫಳಮ್ಮ ಚೀಟಿಗಳ ಕಟ್ಟು ಬಿಚ್ಚಿದರು. ಒಂದರಲ್ಲೂ ಸುಕ್ಕಿಲ್ಲ, ಕಲೆಯಿಲ್ಲ. ಅಂಗಡಿಯವನು ಒಂದನ್ನು ಎತ್ತಿ ಓದಿದ: "ಬರಿಗೈಯಿಂದ ಮುಟ್ಟಬಾರದು. ಯಾವ ಕಾರಣಕ್ಕೂ ಉಜ್ಜಬಾರದು."

ಫಳಫಳಮ್ಮ ದಪ್ಪಕ್ಷರವಾದರೆ ಕೂಡಿಸಿಕೂಡಿಸಿ ಓದಬಲ್ಲವರು. ಇದೋ, ಇರುವೆ ಸಾಲು!

"ಇಷ್ಟು ಮುಖ್ಯವಾದ ಮಾತನ್ನ ಇರುವೆ ಕಾಲಿನಷ್ಟು ಬರೆದ್ರೆ ತಪ್ಪು ಯಾರದಯ್ಯ?" ಎಂದು ಗದರಿದರು. ಸಿಟ್ಟು ಬಂದಾಗ ಅವರ ಕೈ ಸುಮ್ಮನಿರುವುದಿಲ್ಲ. ಕರವಸ್ತ್ರ ತೆಗೆದು ಮೇಜಿನ ಗಾಜು ಒರೆಸತೊಡಗಿದರು. "ನಮ್ಮ ಯಜಮಾನ್ರೂ 'ಮುಟ್ಟಬೇಡ' ಅಂತಲೇ ಹೇಳಿದ್ರು. ನಾನು ಮುಟ್ಟಿಲ್ಲ! ಇನ್ನೊಬ್ಬರಿಗೂ ಮುಟ್ಟೋಕೆ ಬಿಟ್ಟಿಲ್ಲ! ಉಜ್ಜೋದು ಮುಟ್ಟೋದಾ?"

"ನನ್ನ ಕೈಲಾಗೋದು ಇಷ್ಟೇ ಅಮ್ಮ. ಕರಗಿಸೋ ಬೆಲೆ ಕೊಡ್ತೀನಿ," ಎಂದು ಅವನು ಎಲ್ಲವನ್ನೂ ತಕ್ಕಡಿಯ ಮೇಲಿಟ್ಟ. "ಗಟ್ಟಿಗೆ ಐವತ್ತು ಗ್ರಾಂ. ಒಟ್ಟು ಸಾವಿರದಿನ್ನೂರು ಇರಬೇಕಿತ್ತು. ಇದು ಸಾವಿರದ ನೂರ ಅರವತ್ತೆರಡು ತೋರಿಸ್ತಿದೆ."

ಇದನ್ನು ಸಹಿಸುವುದುಂಟೆ?

"ಕಳ್ಳ ತಕ್ಕಡಿ!" ಫಳಫಳಮ್ಮನ ಕೂಗಿಗೆ ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಒಳಗೆ ಇಣುಕಿದರು. "ಹೀಗಾಗುತ್ತೆ ಅಂತ ನನಗೆ ಗೊತ್ತಿತ್ತು. ಅದಕ್ಕೇ ತಂದಿದ್ದೀನಿ!" ಚೀಲದಿಂದ ಕಾಲು ಕಿಲೋದ ಹಿತ್ತಾಳೆ ತೂಕದ ಬಟ್ಟನ್ನು ತೆಗೆದು ಠಪ್ಪೆಂದು ಮೇಜಿನ ಮೇಲಿಟ್ಟರು.

"ಅಯ್ಯೋ ಅತ್ತಿಗೆ, ಅದನ್ನೂ ಹೊತ್ಕೊಂಡು ಬಂದ್ರಾ?"

"ಬರದೆ? ಇದು ನನ್ನ ತವರಿಂದ ಬಂದಿದ್ದು. ಇದು ಸುಳ್ಳು ಹೇಳಲ್ಲ. ಇಡಪ್ಪಾ ತಕ್ಕಡಿಗೆ!"

ಇಟ್ಟ. ಇನ್ನೂರ ನಲವತ್ತಾರು.

"ನೋಡಿದ್ಯಾ! ನೋಡಿದ್ಯಾ!" ಫಳಫಳಮ್ಮ ಇಣುಕಿದ್ದ ಇಬ್ಬರನ್ನೂ ಸಾಕ್ಷಿಗೆ ಕರೆದರು. "ಇನ್ನೂರೈವತ್ತರಲ್ಲಿ ನಾಲ್ಕು ಗ್ರಾಂ ನುಂಗಿದೆ! ಹಾಡಹಗಲೇ!"

ಅಂಗಡಿಯವನು ಸರ್ಕಾರಿ ಮುದ್ರೆ ಒತ್ತಿದ ತನ್ನ ಕಾಲು ಕಿಲೋ ಬಟ್ಟನ್ನು ಇಟ್ಟ. ಸರಿಯಾಗಿ ಇನ್ನೂರೈವತ್ತು. ಆಮೇಲೆ ಹಿತ್ತಾಳೆಯ ಬಟ್ಟನ್ನು ಎತ್ತಿ ನೋಡಿದ. ಅದರಲ್ಲಿ ಅವನ ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು.

"ಅಮ್ಮಾ, ಇದನ್ನೂ...?"

"ಪ್ರತಿ ಶನಿ..." ಎಂದವರು ಅಲ್ಲಿಗೇ ನಿಲ್ಲಿಸಿದರು.

ನಾದಿನಿ ಬಟ್ಟಿನ ಕಡೆಗೆ ಬಾಗಿದಳು.

"ಅಲ್ಲ ಅತ್ತಿಗೆ, ಈ ಬಟ್ಟು ಇಟ್ಟು ತೂಗಿ, ದಿನಸಿಯವನು ಸಕ್ಕರೆ ಜಾಸ್ತಿ ಕೊಟ್ಟಿದ್ದಾನೆ ಅಂತ ಪ್ರತಿ ಸಲ ಒಂದು ಚಮಚ ವಾಪಸು ಕೊಟ್ಟು ಬರ್ತಿದ್ರಲ್ಲ..."

"ಬಾಯ್ಮುಚ್ಚೇ!"

"ಮೂವತ್ತೆಂಟು ಗ್ರಾಂ ಬೆಳ್ಳಿ ನಿಮ್ಮನೆ ಮೋರಿಲಿ ಹೋಗಿದೆ ತಾಯಿ," ಎಂದ ಅಂಗಡಿಯವನು, ಸಾವಿನ ಸುದ್ದಿ ಹೇಳುವ ದನಿಯಲ್ಲಿ.

ಫಳಫಳಮ್ಮ ಗಾಜು ಒರೆಸುತ್ತಲೇ ಇದ್ದರು. ಕಡೆಗೆ ತಲೆ ಎತ್ತದೆ ಕೇಳಿದರು: "ಒಂದು ಮಾತು ನಿಜ ಹೇಳಪ್ಪಾ. ನಮ್ಮ ಯಜಮಾನ್ರು ಮೋಸ ಹೋದ್ರಾ?"

"ಛೆ ಛೆ! ಅವರು ಒಳ್ಳೆ ಮಾಲೇ ತಗೊಂಡಿದ್ದಾರೆ. ಬೀರುವಲ್ಲಿಟ್ಟು ಮರೆತುಬಿಟ್ಟಿದ್ರೆ ಸಾಕಿತ್ತು. ಇವತ್ತು ಕಣ್ಣುಮುಚ್ಚಿ ಮೂರು ಪಟ್ಟು ಕೊಡ್ತಿದ್ದೆ."

"ಕೇಳಿಸ್ಕೊಂಡ್ಯಾ?" ಫಳಫಳಮ್ಮ ನಾದಿನಿಯತ್ತ ಗರ್ರನೆ ತಿರುಗಿದರು. "ನಿಮ್ಮಣ್ಣ ಮೋಸ ಹೋಗಿಲ್ಲ!"

"ಕೇಳಿಸ್ತು ಅತ್ತಿಗೆ. ಅಣ್ಣ ಮೋಸ ಹೋಗ್ಲಿಲ್ಲ. ಹಕ್ಕಿಗಳು ಹಾರಿಹೋದ್ವು, ಅಷ್ಟೇ."

ಫಳಫಳಮ್ಮ ಗಟ್ಟಿಗಳನ್ನು ಒಂದೊಂದಾಗಿ ಎಣಿಸಿ ಡಬ್ಬಿಗೆ ತುಂಬಿದರು. "ಕರಗಿಸೋದು ಬೇಡ. ನಿಮ್ಮ ಕಣ್ಣಿಗೆ ಕಾಣದಿದ್ರೆ ಬಿಡಿ. ನನಗೆ ಇಪ್ಪತ್ನಾಲ್ಕೂ ಕಾಣುತ್ತೆ," ಎಂದು ಬಾಗಿಲ ಕಡೆ ಹೊರಟರು.

ಅಂಗಡಿಯವನು ಮೇಜಿನ ಮೇಲೆ ಕೈಯೂರಲು ಹೋಗಿ ಗಕ್ಕನೆ ನಿಂತ. ಗಾಜು ಇದೆಯೋ ಇಲ್ಲವೋ ಅವನಿಗೇ ತಿಳಿಯಲಿಲ್ಲ! ಹನ್ನೊಂದರಲ್ಲಿ ಒಂದು ಬೆರಳಚ್ಚಾದರೂ ಉಳಿದಿದ್ದರೆ ಕೇಳಿ.

"ಅಮ್ಮಾ, ಒಂದು ನಿಮಿಷ! ಒಳಗೆ ಎರಡು ಬುಟ್ಟಿ ತಟ್ಟೆ ಲೋಟ ಕಪ್ಪಿಟ್ಟು ಬಿದ್ದಿವೆ. ಶನಿವಾರ ನಿಮಗೆ ಬಿಡುವಿದ್ಯಾ?"

ಹೊಸ್ತಿಲಲ್ಲೇ ಫಳಫಳಮ್ಮನ ಬೆನ್ನು ನೆಟ್ಟಗಾಯಿತು. ಹೋದ ಬಿರುದು ಓಡೋಡಿ ವಾಪಸು ಬಂದಂತಾಯಿತು! ತಿರುಗಿ ಬಂದರು. ಬುಟ್ಟಿ ಎಲ್ಲಿದೆ ಎಂದು ಇಣುಕಿದರು. ದಾರಿಯಲ್ಲಿ ಅವರ ಕಣ್ಣು ಕಪಾಟಿನ ಆ ಕಪ್ಪು ಹಕ್ಕಿಗಳ ಮೇಲೆ ಒಂದು ಗಳಿಗೆ ನಿಂತಿತು. ಕೈಯಲ್ಲಿ ಕರವಸ್ತ್ರ ಇನ್ನೂ ಇತ್ತು.

ಅಂಗಡಿಯವನು ಓಡಿಹೋಗಿ ಆ ಸೆಟ್ಟನ್ನು ಬಾಚಿ ತಿಜೋರಿಯೊಳಗಿಟ್ಟ. ಬೀಗ ಹಾಕಿದ. ಜಗ್ಗಿ ನೋಡಿದ. ಬೀಗದ ಕೈಯನ್ನು ಜೇಬಿಗಿಳಿಸಿಕೊಂಡ ಮೇಲೆಯೇ ಅವನು ಕೈಮುಗಿದು ಕೇಳಿದ್ದು:

"ಮೆಲ್ಲಗೆ ಉಜ್ಜೋಕೆ ಬರುತ್ತಾ ತಾಯಿ, ನಿಮಗೆ?"