ಬ್ಯಾಟರಿಗೆ ಬಿಸಿಲು ತಿನ್ನಿಸಿದ ದಿನಗಳು

ಬ್ಯಾಟರಿ ಚಾರ್ಜ್ ಮಾಡೋದೂ ಒಂದು ವಿದ್ಯೆಯೇ ಎಂದು ನಗುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಬಿಸಿಲು ಪುಕ್ಕಟೆ, ಸೋಲಾರ್ ತಟ್ಟೆ ಸರ್ಕಾರದ್ದು, ನಿನಗೇನಯ್ಯಾ ಕಷ್ಟ ಅನ್ನುತ್ತಾರೆ. ಎಂಬತ್ತರ ದಶಕದಲ್ಲಿ, ಕರೆಂಟು ಕಾಣದ ಹಳ್ಳಿಗಳಿಗೆ ಸೋಲಾರ್ ದೀಪ ಹಾಕುವ ಯೋಜನೆಯೊಂದರಲ್ಲಿ ನಾನು ಮೆಕ್ಯಾನಿಕ್ ಆಗಿದ್ದೆ. ಕೋಲಾರದಲ್ಲಿ ಆಫೀಸು, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನನ್ನ ತಿರುಗಾಟ. ಅದಕ್ಕೆ ಮುಂಚೆ ರೇಡಿಯೋ ರಿಪೇರಿ ಮಾಡಿಕೊಂಡಿದ್ದವನು. ಟಾರ್ಚಿನ ಸೆಲ್ಲು ಬಿಟ್ಟರೆ ಬೇರೆ ಬ್ಯಾಟರಿ ಮುಟ್ಟಿದವನಲ್ಲ. ಒಂದು ವರ್ಷ ಬ್ಯಾಟರಿಗಳನ್ನು ಸರಿಯಾಗಿ ನೋಡಿಕೊಂಡರೆ ಕೆಲಸ ಖಾಯಂ ಅಂದಿದ್ದರು. ನೋಡಿಕೊಳ್ಳಲು ಬಿಟ್ಟವರು ಯಾರು?

ನೀರಿಲ್ಲ, ಆಸಿಡ್ ಇದೆ

ತರಬೇತಿ ಮೂರೇ ದಿನ. ಕಲಿಸಿದವರು ರಬ್ಬರ್ ಬುರುಡೆಯಿದ್ದ ಒಂದು ಗಾಜಿನ ಕೊಳವೆ ಕೈಗೆ ಕೊಟ್ಟರು. ಬ್ಯಾಟರಿಯೊಳಗಿನ ದ್ರವವನ್ನು ಅದರಿಂದ ಹೀರಿದರೆ ಒಳಗೊಂದು ಕಡ್ಡಿ ತೇಲುತ್ತದೆ. "ಕಡ್ಡಿ ಮೇಲೆ ಬಂದ್ರೆ ಚಾರ್ಜ್ ಇದೆ, ಮುಳುಗಿದ್ರೆ ಇಲ್ಲ. ದ್ರವ ಕಡಿಮೆಯಾದ್ರೆ ಡಿಸ್ಟಿಲ್ಡ್ ವಾಟರ್ ಹಾಕು. ಅಷ್ಟೇ" ಅಂದರು.

ನೀರು ಕೇಳಲು ಸ್ಟೋರಿಗೆ ಹೋದೆ. ಸ್ಟೋರ್ ಗುಮಾಸ್ತರು ತಲೆಯೆತ್ತದೆ ಹೇಳಿದರು: "ಡಿಸ್ಟಿಲ್ಡ್ ವಾಟರ್ ಇಲ್ಲ. ಆಸಿಡ್ ಎರಡು ಕ್ಯಾನ್ ಇದೆ, ತಗೊಂಡೋಗು."

"ಸಾರ್, ನೀರೇ ಹಾಕಬೇಕು ಅಂದಿದಾರೆ."

"ಬರೀ ನೀರು ಹಾಕಿದ್ರೆ ಪವರ್ ಎಲ್ಲಿಂದ ಬರುತ್ತಯ್ಯ? ನಿನ್ನಂಥೋರನ್ನ ಎಷ್ಟು ಜನ ನೋಡಿದೀನಿ ನಾನು!"

ಹಿರಿಯರ ಮಾತು ಎಂದು ತಂದು ಸುರಿದೆ. ಕೊಳವೆ ಹಾಕಿ ನೋಡಿದರೆ ಕಡ್ಡಿ ಜಿಗಿದು ಮೇಲೆ ನಿಂತಿತು. ರಿಜಿಸ್ಟರಿನಲ್ಲಿ 'ಫುಲ್ ಚಾರ್ಜ್' ಎಂದು ಹೆಮ್ಮೆಯಿಂದ ಬರೆದೆ. ಕಡ್ಡಿಯನ್ನು ಎತ್ತಿದ್ದು ಚಾರ್ಜ್ ಅಲ್ಲ, ಆಸಿಡ್ ಎಂದು ಗೊತ್ತಾಗುವಷ್ಟರಲ್ಲಿ ಬ್ಯಾಟರಿಯೊಳಗಿನ ಪ್ಲೇಟುಗಳು ಸವೆದುಹೋಗಿ ಪುಡಿಯಾಗಿದ್ದವು.

ಆಫೀಸಿನ ಅಧಿಕಾರಿ ನಮ್ಮಿಬ್ಬರನ್ನೂ ಕರೆಸಿದರು. ನಾನು ನಡೆದದ್ದು ಹೇಳಿದೆ. ಗುಮಾಸ್ತರು ಕೈಕಟ್ಟಿ ನಿಂತು, ಕಣ್ಣು ಮಿಟುಕಿಸದೆ ಹೇಳಿದರು: "ಆಸಿಡ್ ಕೊಟ್ಟಿದ್ದು ನಿಜ ಸಾರ್. ಕುಡೀ ಅಂದಿದ್ರೆ ಕುಡೀತಿದ್ನಾ ಇವನು?"

ಬಿಸಿಲಿನ ತಟ್ಟೆ

ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯಿಂದ ದೂರು ಬಂತು. ದೀಪ ಅರ್ಧ ಗಂಟೆ ಉರಿದು ಆರಿಹೋಗುತ್ತೆ. ಹೋಗಿ ವೈರು ನೋಡಿದೆ, ಸರಿಯಿತ್ತು. ಬ್ಯಾಟರಿಯದೇ ದೋಷ ಎಂದು ಹೊಸದು ಹಾಕಿಸಿದೆ. ಹತ್ತು ದಿನದಲ್ಲಿ ಅದೂ ಹಾಗೇ. ಮೂರನೇ ಸಲ ಯಾರಿಗೂ ಹೇಳದೆ ಮಟಮಟ ಮಧ್ಯಾಹ್ನ ಹೋದೆ. ಸೊಂಟದೆತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲಿನ ನೀಲಿ ತಟ್ಟೆ ಹಳದಿಯಾಗಿತ್ತು. ಅದರ ಮೇಲೆ ಪಂಚೆ ಹಾಸಿ ಒಬ್ಬ ಅಜ್ಜಿ ಮಾವಿನ ರಸ ಬಳಿಯುತ್ತಿದ್ದಳು.

"ಏನಜ್ಜಿ ಇದು!"

"ತಾಂಡ್ರ ನಾಯನಾ, ಮಾವಿನ ಹಣ್ಣಿನ ಹಪ್ಪಳ. ಎಂಟು ಪದರ ಆಗಿದೆ. ಇನ್ನ ನಾಲ್ಕು ಬಳೀಬೇಕು."

"ಇದು ಬಿಸಿಲು ಹಿಡಿಯೋ ತಟ್ಟೆ ಅಜ್ಜಿ! ನೀನು ಮುಚ್ಚಿಬಿಟ್ರೆ ಬ್ಯಾಟರಿಗೆ ಏನು ಸಿಗುತ್ತೆ?"

"ಬಿಸಿಲು ಹಿಡಿಯುತ್ತೆ ಅಂತಾನೇ ಹಾಕಿರೋದು. ಚಾಪೆ ಮೇಲೆ ಇಷ್ಟು ಬೇಗ ಒಣಗಲ್ಲ. ಇನ್ನೊಂದು ತಟ್ಟೆ ಕೊಡ್ಸಪ್ಪ, ಸಂಡಿಗೆಗಾಗುತ್ತೆ."

ನನಗೆ ರೇಗಿಹೋಯಿತು. ಎರಡು ಬ್ಯಾಟರಿ ಹಾಳಾಗಿವೆ, ಇವಳಿಗೆ ಸಂಡಿಗೆ! "ನಿನ್ನ ಹೆಸರು ಬರೆದು ಕೋಲಾರಕ್ಕೆ ಕಳಿಸ್ತೀನಿ" ಅಂತ ಕೂಗಾಡಿದೆ. ಅವಳು ಒಳಗೆ ಹೋಗಿ, ಮೊದಲೇ ಒಣಗಿಸಿಟ್ಟಿದ್ದ ತಾಂಡ್ರದಲ್ಲಿ ಅಂಗೈ ಅಗಲದ ತುಂಡು ತಂದು ಕೈಗಿಟ್ಟಳು. "ತಿನ್ನು ಮೊದಲು. ಆಮೇಲೆ ಬರೀ."

ತಿಂದೆ. ಇನ್ನೊಂದು ತುಂಡು ಕೊಟ್ಟಳು, ಅದನ್ನೂ ತಿಂದೆ. ಬಾಯೆಲ್ಲ ಸಿಹಿಯಾಗಿರುವಾಗ 'ದೋಷಕ್ಕೆ ಕಾರಣ' ಎಂಬ ಜಾಗದಲ್ಲಿ ಏನು ಬರೆಯುವುದು? ಮೋಡ ಎಂದು ಬರೆದೆ. ಮೇ ತಿಂಗಳಲ್ಲಿ, ಶ್ರೀನಿವಾಸಪುರದಲ್ಲಿ!

ದಕ್ಷಿಣ ದಿಕ್ಕು

ಸೋಲಾರ್ ತಟ್ಟೆ ದಕ್ಷಿಣಕ್ಕೆ ಮುಖ ಮಾಡಿರಬೇಕು. ಮಾಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೊಸ ತಟ್ಟೆ ನಿಲ್ಲಿಸುವಾಗ ಅಂದಾಜು ಬೇಡ ಎಂದು ದಿಕ್ಸೂಚಿಯನ್ನೇ ಒಯ್ದಿದ್ದೆ. ಅವತ್ತು ಸೂರ್ಯ ನೆತ್ತಿ ಮೇಲಿದ್ದ. ದಿಕ್ಸೂಚಿಯನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲಿಟ್ಟು, ಮುಳ್ಳು ನೋಡಿ, ತಟ್ಟೆ ತಿರುಗಿಸಿ, ಬುಡಕ್ಕೆ ಸಿಮೆಂಟು ಹಾಕಿಬಿಟ್ಟೆ. ತಿಂಗಳಾದರೂ ಬ್ಯಾಟರಿ ತುಂಬಲಿಲ್ಲ. ಮತ್ತೆ ಹೋಗಿ ಅದೇ ಜಾಗದಲ್ಲಿ ದಿಕ್ಸೂಚಿ ಇಟ್ಟೆ. ಎಲ್ಲ ಸರಿಯಿತ್ತು!

ಶಿವಾರಪಟ್ಟಣದಿಂದ ವಿಗ್ರಹ ತಂದುಕೊಟ್ಟು ಹೋಗುತ್ತಿದ್ದ ಶಿಲ್ಪಿಯೊಬ್ಬ ನಿಂತು ನೋಡಿದ. "ಸ್ವಾಮಿ, ಕೆತ್ತೋವಾಗ ಕಣ್ಣಿಗೆ ಬಿಸಿಲು ಹೊಡೀಬಾರದು ಅಂತ ನಾವು ಉತ್ತರಕ್ಕೆ ತಿರುಗಿ ಕೂರ್ತೀವಿ. ಇದನ್ನೂ ಅದಕ್ಕೇನಾ ಆ ಕಡೆ ತಿರುಗಿಸಿರೋದು?"

"ದಕ್ಷಿಣಕ್ಕೇ ಇದೆ ಕಣಯ್ಯಾ! ಮುಳ್ಳು ಕಾಣಲ್ವಾ?"

ಅವನು ದಿಕ್ಸೂಚಿ ಎತ್ತಿಕೊಂಡು ಇಪ್ಪತ್ತು ಹೆಜ್ಜೆ ದೂರ ಹೋಗಿ ಕಲ್ಲಿನ ಮೇಲಿಟ್ಟ. ಮುಳ್ಳು ಗಿರ್ರನೆ ತಿರುಗಿ ಎದುರು ದಿಕ್ಕಿಗೆ ನಿಂತಿತು. ವಾಪಸ್ ಕಬ್ಬಿಣದ ಮೇಲಿಟ್ಟ. ಮತ್ತೆ ತಿರುಗಿತು. ನನ್ನ ಮುಖ ನೋಡಿ ನಗಲಿಲ್ಲ, ಅದೇ ನನಗೆ ಇನ್ನೂ ಕೋಪ. ಚೀಲದಿಂದ ಉಳಿ ತೆಗೆದು ನನ್ನ ಸಿಮೆಂಟನ್ನೆಲ್ಲ ಒಡೆದುಕೊಟ್ಟು ಹೇಳಿದ: "ನಾವು ಕೆತ್ತೋ ದೇವರು ಯಾವ ದಿಕ್ಕಿಗೆ ನಿಂತ್ರೂ ವರ ಕೊಡ್ತಾನೆ ಸ್ವಾಮಿ. ನಿಮ್ಮದು ಕೊಡಲ್ಲ ಅಂತ ಕಾಣುತ್ತೆ."

ಮಾದರಿ ಬ್ಯಾಟರಿ

ಇಷ್ಟಾಗುವ ಹೊತ್ತಿಗೆ ನಾನು ಕಲಿತಿದ್ದೆ. ಮುಳಬಾಗಿಲಿನ ಕಡೆಯ ಹಳ್ಳಿಯೊಂದರಲ್ಲಿ ಬ್ಯಾಟರಿ ನೋಡಿಕೊಳ್ಳಲು ಒಬ್ಬ ಹಿರಿಯರಿದ್ದರು. ಊರೆಲ್ಲ ಅವರನ್ನು ಚಾಚಾ ಅನ್ನುತ್ತಿತ್ತು. ಗೋಡೌನಿನಲ್ಲಿ ವಾಚ್‌ಮನ್ ಆಗಿ ನಿವೃತ್ತರಾದವರು. ಅವರನ್ನು ಕೂರಿಸಿಕೊಂಡು ಹೇಳಿದೆ: "ಚಾಚಾ, ಬ್ಯಾಟರಿ ಪೂರ್ತಿ ಖಾಲಿ ಮಾಡಿದ್ರೆ ಸತ್ತೋಗುತ್ತೆ. ದೀಪ ಜಾಸ್ತಿ ಉರಿಸಬೇಡಿ."

"ಫಿಕರ್ ಮಾಡ್ಬೇಡಿ ಸಾಬ್" ಅಂದರು.

ವರ್ಷದ ಕೊನೆಗೆ ದೊಡ್ಡ ಅಧಿಕಾರಿ ತಪಾಸಣೆಗೆ ಬಂದರು. ಜನ ದಿನಾ ದೀಪ ಉರಿಸುತ್ತಿದ್ದ ಹಳ್ಳಿಗಳಲ್ಲಿ ಕಡ್ಡಿ ಸ್ವಲ್ಪ ಕೆಳಗಿತ್ತು. ಒಂದೊಂದಕ್ಕೂ ನನಗೆ ಬೈಗುಳ. ಚಾಚಾನ ಬ್ಯಾಟರಿಯಲ್ಲಿ ಮಾತ್ರ ಎಲ್ಲ ಸೆಲ್ಲೂ ಭರ್ತಿ. ಪೆಟ್ಟಿಗೆ ಫಳಫಳ ಹೊಳೆಯುತ್ತಿತ್ತು.

"ಹೇಗಪ್ಪಾ ಇಟ್ಕೊಂಡಿದೀರಿ?" ಅಧಿಕಾರಿಗೆ ಆನಂದ.

ಚಾಚಾ ಜೇಬಿನಿಂದ ಬೀಗದಕೈ ತೆಗೆದರು. "ಸ್ವಿಚ್‌ಗೆ ಡಬ್ಬ ಹೊಡೆದು ಬೀಗ ಹಾಕಿದೀನಿ ಸಾಬ್. ಹಾಕಿದ ದಿನದಿಂದ ಒಂದು ಸಲಾನೂ ದೀಪ ಹತ್ತಿಸೋಕೆ ಬಿಟ್ಟಿಲ್ಲ."

"ಸಾರ್, ದೀಪ ಉರೀದೇ ಇದ್ರೆ ಬ್ಯಾಟರಿ ಯಾಕೆ ಸಾರ್?" ನಾನು ಕಿರುಚಿದೆ.

"ನೀವು ಸುಮ್ನಿರ್ರೀ" ಅಂದರು ಅಧಿಕಾರಿ. "ನೋಡಿ ಕಲೀರಿ. ಜವಾಬ್ದಾರಿ ಅಂದ್ರೆ ಇದು."

ಅಲ್ಲೇ ಸನ್ಮಾನ ಎಂದು ತೀರ್ಮಾನವಾಯಿತು. ಶಾಲು, ಹಾರ ತರುವಷ್ಟರಲ್ಲಿ ಹೊತ್ತು ಮುಳುಗಿತು. ದೀಪ ಹಾಕೋಣವೇ ಎಂದು ಯಾರೋ ಕೇಳಿದರು. ಚಾಚಾ ಬೀಗದಕೈಯನ್ನು ಎದೆಗವಚಿಕೊಂಡು ನಿಂತರು. ಕೊನೆಗೆ ಪಕ್ಕದೂರಿಂದ ಸೀಮೆಎಣ್ಣೆಯ ಪೆಟ್ರೋಮ್ಯಾಕ್ಸ್ ದೀಪ ತರಿಸಿದರು.

ಅಧಿಕಾರಿ ಭಾಷಣದ ಹಾಳೆ ಬಿಚ್ಚಿ ಕಣ್ಣು ಕಿರಿದು ಮಾಡಿದರು. "ಆ ಪೆಟ್ರೋಮ್ಯಾಕ್ಸ್ ಸ್ವಲ್ಪ ಹತ್ತಿರ ಹಿಡೀರಪ್ಪ. ಸೋಲಾರ್ ಬಗ್ಗೆ ಬರ್ಕೊಂಡಿರೋದು ಏನೂ ಕಾಣ್ತಿಲ್ಲ."